ಪಿಂಡದ ಪ್ರಥಮಾಹಾರ

ಹಾಲುಗೂಸಿನ ಮುಂದೆ ಎಲೆ ಹಾಕಿ ಹಬ್ಬದಡುಗೆಯನ್ನು ಬಡಿಸುವ ತಾಯಿ ಲೋಕದಲ್ಲಿಲ್ಲ. ಉಣಿಸುವುದಕ್ಕೆ ಅಕ್ಕರೆಯೊಂದೇ ಸಾಲದು, ಕಾಲವರಿಯುವ ವಿವೇಕವೂ ಬೇಕೆಂಬುದನ್ನು ಅನ್ನಪ್ರಾಶನಕ್ಕೆ ತಿಂಗಳನ್ನೆಣಿಸುವ ಮನೆಯ ಮುದುಕಿಯರು ಬಲ್ಲರು. ಈ ವಿವೇಕವನ್ನೇ ವಿಜ್ಞಾನಿಗಳು ಸಾಸುವೆಗಿಂತ ಎಷ್ಟೋ ಕಿರಿದಾದ ಒಂದು ಜೀವಬಿಂದುವಿನಿಂದ ಕಲಿಯಬೇಕಾಗಿ ಬಂದಿತು.

ತಾಯಿಯ ಒಡಲಿನಿಂದ ಹೊರತೆಗೆದ ಇಲಿಯ ಪಿಂಡವನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸುವುದು ಬಹುಕಾಲ ದುಸ್ಸಾಧ್ಯವಾಗಿದ್ದಿತು. 1949ರಲ್ಲಿ ಕಿರಿಯ ಜಾನ್ ಹ್ಯಾಮಂಡರು ಲವಣಜಲಕ್ಕೆ ಕೋಳಿಮೊಟ್ಟೆಯ ಬಿಳಿಯನ್ನೂ ಹಳದಿಯನ್ನೂ ಬೆರಸಿ, ಎಂಟು ಕೋಶಗಳ ಪಿಂಡಗಳನ್ನು ಬ್ಲಾಸ್ಟೊಸಿಸ್ಟ್ ಎಂಬ ಟೊಳ್ಳುಗೋಳದ ಅವಸ್ಥೆಗೆ ಮುಟ್ಟಿಸಿದರು. 1956ರಲ್ಲಿ ಆಸ್ಟ್ರೇಲಿಯದ ವೆಸ್ಲಿ ವಿಟನ್ನರು ಮೊಟ್ಟೆಯ ಹಂಗನ್ನು ತೊರೆದು, ಗ್ಲೂಕೋಸ್ ಸಕ್ಕರೆಯನ್ನೂ ಹಸುವಿನ ರಕ್ತದ ಆಲ್ಬುಮಿನ್ ಎಂಬ ಸಾರವನ್ನೂ ಕೂಡಿಸಿದ ಸರಳ ದ್ರವದಲ್ಲಿ ಅದನ್ನೇ ಸಾಧಿಸಿದರು. 1958ರಲ್ಲಿ ಆನ್ ಮೆಕ್‌ಲಾರೆನ್ ಮತ್ತು ಜಾನ್ ಬಿಗ್ಗರ್ಸ್ ಇವರು ಹೀಗೆ ಬೆಳೆಸಿದ ಪಿಂಡಗಳನ್ನು ಬೇರೆ ಇಲಿಗಳ ಗರ್ಭದಲ್ಲಿರಿಸಲು, ಜೀವಂತ ಮರಿಗಳು ಹುಟ್ಟಿದವು.

ಆದರೆ ಅದಕ್ಕಿಂತ ಎಳೆಯ ಪಿಂಡವು ಸಕ್ಕರೆಯ ನಡುವೆಯೇ ಸೊರಗಿ ನಿಲ್ಲುತ್ತಿದ್ದಿತು. 1957ರಲ್ಲಿ ವಿಟನ್ನರು ಲ್ಯಾಕ್ಟೇಟ್ ಬೆರಸಿದಾಗ ಎರಡು ಕೋಶಗಳ ಪಿಂಡವು ಮುಂದಡಿಯಿಟ್ಟಿತು. ಒಂದೇ ಕೋಶದ ಪಿಂಡವು ಅದನ್ನೂ ಒಲ್ಲದೆ ಪೈರುವೇಟನ್ನು ಬಯಸುವುದೆಂದು 1967ರಲ್ಲಿ ಬಿಗ್ಗರ್ಸರೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ಒಡಲೊಳಗೆ ಅಂಡವನ್ನು ಸುತ್ತುವರಿದ ಕೋಶಗಳು ಸಕ್ಕರೆಯನ್ನು ತಾವು ಅರಗಿಸಿ, ಪೈರುವೇಟನ್ನಾಗಿ ಮಾಡಿ ಕೊಡುತ್ತವೆ. ತಾಯಿ ತುತ್ತನ್ನು ನುರಿದು ಕೂಸಿನ ಬಾಯಿಗಿಡುವಂತೆ. ಎಂಟು ಕೋಶಗಳಾದ ಮೇಲೆಯೇ ಪಿಂಡಕ್ಕೆ ಸಕ್ಕರೆಯನ್ನು ನೇರವಾಗಿ ಅರಗಿಸುವ ಶಕ್ತಿ.

ಕೊರತೆಯ ಪಾಠಕ್ಕಿಂತ ಅತಿಶಯದ ಪಾಠವು ಕಠಿಣವಾದುದು. ಕುರಿಯ ಪಿಂಡಗಳು ಪುಷ್ಟಿಯಾಗಲೆಂದು ದ್ರವಕ್ಕೆ ರಕ್ತದ ಸೀರಮ್ಮನ್ನು ಸೇರಿಸುವ ರೂಢಿಯಿದ್ದಿತು. ಪಾತ್ರೆಯಲ್ಲಿ ಪಿಂಡಗಳು ಬೇಗನೆ ಬೆಳೆದು ನೋಡುವವರ ಕಣ್ಣಿಗೆ ಹಬ್ಬವಾದವು. ಆದರೆ ಹುಟ್ಟಿದ ಮರಿಗಳಲ್ಲಿ ಹಲವು ಮಿತಿಮೀರಿ ತೂಗಿದವು, ಹೆರಿಗೆಯು ದುಸ್ತರವಾಯಿತು. 1990ರ ದಶಕದ ಈ ಅನುಭವವು, ಮೊದಲ ಕೆಲವು ದಿನಗಳ ಊಟವು ತಿಂಗಳುಗಳ ಮೇಲೆಯೂ ಲೆಕ್ಕ ಕೇಳುವುದೆಂಬುದನ್ನು ತಿಳಿಸಿತು.

1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಲೂಯಿಸ್ ಬ್ರೌನ್ ಜನಿಸಿದಂದಿನಿಂದ ಇದು ಇಲಿ ಕುರಿಗಳ ಮಾತು ಮಾತ್ರವಾಗಿ ಉಳಿದಿಲ್ಲ. ಮಕ್ಕಳಿಲ್ಲದ ದಂಪತಿಗಳ ಆಸೆಯೆಲ್ಲವೂ ಕೆಲವು ದಿನಗಳ ಕಾಲ ಒಂದು ತೊಟ್ಟು ದ್ರವದಲ್ಲಿ ತೇಲುತ್ತಿರುತ್ತದೆ. ಅದನ್ನು ಕಾಯುವವನು ಏನನ್ನು ಬೆರಸಬಲ್ಲನೆಂಬುದು ದೊಡ್ಡದಲ್ಲ. ಯಾವಾಗ ಕೈ ತಡೆಯಬಲ್ಲನೆಂಬುದೇ ಅವನ ವಿದ್ಯೆಗೆ ಒರೆಗಲ್ಲು.