ಹಳ್ಳಿಖೇಡದಿಂದ ಹಿಮಾಲಯಕ್ಕೆ: ಗಾಡಿ ತಯಾರಾಗ್ತಾ ಇದೆ...

ಮೂರು ತಿಂಗಳಿಂದ ನಮ್ಮ ಮನೆ ಮುಂದೆ ಒಂದು ಥಾರ್ ಹೊಟ್ಟೆ ಬಗೆದುಕೊಂಡು ನಿಂತಿದೆ. ಹಿಂದಿನ ಎರಡೂ ಬೆಂಚ್ ಸೀಟು ಬಿಚ್ಚಿ ಕಟ್ಟೆಯ ಮೇಲೆ ಇಟ್ಟಿದ್ದೇನೆ, ಅವ್ವ ಅದರ ಮೇಲೆ ಮೊರ ಇಟ್ಟು ತೊಗರಿಬೇಳೆ ಆರಿಸುತ್ತಾಳೆ. ದಾರಿಯಲ್ಲಿ ಹೋಗುವವರೆಲ್ಲ ಒಂದು ಗಳಿಗೆ ನಿಂತು "ಏನ್ರೀ, ಗುಜರಿಗಿ ಹಾಕ್ಲತೀರೇನು?" ಅಂತ ಕೇಳುತ್ತಾರೆ. ಇಲ್ರೀ, ಲಡಾಖ್‌ಗೆ ಹೊರಟೀವಿ ಅಂದರೆ ನಗುತ್ತಾರೆ. ನಾನೂ ನಗುತ್ತೇನೆ :)

ಊರಿನ ಹೆಸರಿನ ಮುಂದೆ ಇರುವ ಆ (ಬಿ) ಏನು ಅಂತ ಬೆಂಗಳೂರಿನ ಗೆಳೆಯರು ಯಾವಾಗಲೂ ಕೇಳುತ್ತಾರೆ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಬಿ ಅಂದರೆ ಬುಜುರ್ಗ್, ಹಿರಿಯದು. ಕೆ ಅಂದರೆ ಖುರ್ದ್, ಕಿರಿಯದು. ನಮ್ಮ ಹುಮನಾಬಾದ ತಾಲೂಕಿನಲ್ಲೇ ಹಳ್ಳಿಖೇಡ (ಕೆ) ಕೂಡ ಇದೆ. ನಾವು ದೊಡ್ಡ ಹಳ್ಳಿಖೇಡದವರು. ಬೀದರಿನಿಂದ ಹುಮನಾಬಾದಿಗೆ ಹೋಗುವ ರಸ್ತೆಯ ಮೇಲೆ, ನಡುವೆ ಸಿಗುತ್ತೇವೆ.

ಗಾಡಿ 2014ರ ಥಾರ್, ಎರಡೂವರೆ ಲೀಟರಿನ ಡೀಸೆಲ್ ಇಂಜಿನ್, ಸೆಕೆಂಡ್ ಹ್ಯಾಂಡ್. ಅದನ್ನು ಕೊಂಡಾಗ ನನ್ನ ತಲೆಯಲ್ಲಿ ಯೂಟ್ಯೂಬ್ ತುಂಬಿತ್ತು. ಆಸ್ಟ್ರೇಲಿಯಾದವರು, ದಕ್ಷಿಣ ಆಫ್ರಿಕಾದವರು ಗಾಡಿಯ ಹಿಂದೆ ಡ್ರಾಯರ್ ಎಳೆದರೆ ಅದರಲ್ಲಿ ಅಡುಗೆಮನೆ, ಇನ್ನೊಂದು ಎಳೆದರೆ ಫ್ರಿಡ್ಜು, ಮೇಲೆ ಟೆಂಟು. ನಾನೂ ಪಟ್ಟಿ ಮಾಡಿದೆ. ಎರಡನೇ ಬ್ಯಾಟರಿ, ಇನ್ವರ್ಟರ್, 12 ವೋಲ್ಟಿನ ಫ್ರಿಡ್ಜು, 40 ಲೀಟರ್ ನೀರು, ಮುಂದೆ ದಪ್ಪ ಕಬ್ಬಿಣದ ಬಂಪರ್, ಅದಕ್ಕೊಂದು ವಿಂಚ್, ದೊಡ್ಡ ಟೈರ್. ಪಟ್ಟಿ ಎರಡು ಪುಟ ಆಯಿತು. ಅಪ್ಪ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ, ಒಂದೇ ಮಾತು ಕೇಳಿದರು.

"ಇದ್ರಾಗ ನಾ ಎಲ್ಲಿ ಕೂಡ್ಲಿ?"

ಅಪ್ಪ ಬರುತ್ತಾರೆ ಅಂತ ಅಲ್ಲಿಯವರೆಗೂ ನನಗೆ ಗೊತ್ತೇ ಇರಲಿಲ್ಲ!

ಅಪ್ಪನ ಬಗ್ಗೆ ಸ್ವಲ್ಪ ಹೇಳಬೇಕು. ಮೂವತ್ತೆಂಟು ವರ್ಷ ಲಾರಿ ಹೊಡೆದವರು. ಬಸವಕಲ್ಯಾಣದ ಕಡೆ ಬಂದವರಿಗೆ ಗೊತ್ತಿರುತ್ತದೆ, ಶರಣರ ಊರು ಅಂತ ಹೊರಗಿನವರು ಅಂದುಕೊಂಡು ಬರುತ್ತಾರೆ, ಬಂದರೆ ಸಸ್ತಾಪುರ ಬಂಗ್ಲಾದಿಂದಲೇ ಲಾರಿಗಳ ಲೋಕ ಶುರು. ಪುಣೆ-ಹೈದರಾಬಾದ ಹೆದ್ದಾರಿ ಪಕ್ಕದಲ್ಲೇ ಇರುವುದರಿಂದ ಬಾಡಿ ಕಟ್ಟುವವರು, ಪಟ್ಟಾ ಬಡಿಯುವವರು, ತಾಡಪಾಲು ಹೊಲಿಯುವವರು ಎಲ್ಲ ಅಲ್ಲೇ. ಅಪ್ಪ ಕೆಲವು ವರ್ಷ ನಮ್ಮೂರ ಸಹಕಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದರು, ಆಮೇಲೆ ಲೈನ್ ಗಾಡಿ. ತೊಗರಿ, ಬೆಲ್ಲ, ಉಳ್ಳಾಗಡ್ಡಿ ಹಾಕಿಕೊಂಡು ದಿಲ್ಲಿತನಕ. ಒಂದೆರಡು ಸಲ ಅಂಬಾಲಾ. ಅಲ್ಲಿಂದ ಮುಂದೆ ಯಾವತ್ತೂ ಹೋಗಿಲ್ಲ. ಢಾಬಾಗಳಲ್ಲಿ ಸರದಾರ್ಜಿ ಡ್ರೈವರುಗಳು ರೋಹತಾಂಗ್, ಜೋಜಿಲಾ ಅಂತ ಹೇಳುತ್ತಿದ್ದ ಕಥೆ ಕೇಳಿಕೊಂಡು ತಿರುಗಿ ಬಂದವರು. ಎರಡು ಕಡೆ ಮನೆಯೆತ್ತರ ಹಿಮ, ನಡುವೆ ಒಂದೇ ಗಾಡಿಯ ರಸ್ತೆ. ಅದನ್ನು ನನಗೂ ಸಣ್ಣವನಿದ್ದಾಗ ಎಷ್ಟೋ ಸಲ ಹೇಳಿದ್ದಾರೆ, ತಾವೇ ನೋಡಿದ ಹಾಗೆ.

ಈಗ ಅವರಿಗೆ 71. ಎರಡು ವರ್ಷದ ಕೆಳಗೆ ಸ್ಟೆಂಟ್ ಹಾಕಿದ್ದಾರೆ.

ಹಾಗಾಗಿ ಗಾಡಿಯ ನಕ್ಷೆ ಮತ್ತೆ ಮೊದಲಿಂದ. ಈ ಸಲ ಇಬ್ಬರೂ ಕೂತು ಹಾಕಿದೆವು. ಅಂದರೆ ನಾನು ಹಾಕಿದೆ, ಅವರು ಹೊಡೆದುಹಾಕಿದರು.

ಮೊದಲು ಹೋದದ್ದು ಕಬ್ಬಿಣದ ಬಂಪರ್. ಅದನ್ನು ತೆಗೆದದ್ದು ಅಪ್ಪ ಅಲ್ಲ, ಕಾನೂನು. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇಂಥ ಬುಲ್ ಬಾರ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ ಹೇಳಿತು. ಸಿಟ್ಟು ಬಂತು. ಆದರೆ ಯೋಚಿಸಿದರೆ ಸರಿಯೇ. ಗಾಡಿಯ ಮುಂಭಾಗ ಡಿಕ್ಕಿಯಾದಾಗ ಮುದುಡಬೇಕು ಅಂತಲೇ ಮಾಡಿರುತ್ತಾರೆ, ಅದರ ಮುಂದೆ ನೇರ ಚಾಸಿಗೆ ಕಬ್ಬಿಣ ಬೆಸೆದರೆ ಪೆಟ್ಟೆಲ್ಲ ಒಳಗೆ ಕೂತವರಿಗೆ. ಎದುರಿಗೆ ಸಿಕ್ಕ ಪಾದಚಾರಿಯ ಗತಿ ಅಂತೂ ಕೇಳುವುದೇ ಬೇಡ. ದೊಡ್ಡ ಟೈರೂ ಬಿಟ್ಟೆ. ಕಂಪನಿಯ ಅಳತೆಯದೇ, ಆದರೆ ಗಟ್ಟಿ ಪಕ್ಕೆಯ ಹೊಸ ಟೈರ್ ಐದು ತಂದೆ.

ವಿಂಚ್ ಹೋದದ್ದು ಮಾತ್ರ ಅಪ್ಪನಿಂದ. ಜುಲೈನಲ್ಲಿ ಕಾರಂಜಾ ಹಿನ್ನೀರಿನ ಕಡೆ ಒಂದು ಹೊಲದ ದಾರಿಯಲ್ಲಿ ಗಾಡಿ ಪರೀಕ್ಷೆ ಮಾಡೋಣ ಅಂತ ಹೋದೆವು. ಎರಡು ದಿನ ಮಳೆ ಬಿದ್ದ ಎರಿ ಭೂಮಿ. ನಮ್ಮ ಕಡೆಯ ಎರಿ ಮಣ್ಣು ಹೇಗೆ ಅಂತ ಗೊತ್ತಲ್ಲ? ಟೈರಿನ ಹಲ್ಲುಗಳ ನಡುವೆ ತುಂಬಿಕೊಂಡರೆ ಗಾಲಿ ನುಣ್ಣಗೆ ಗುಂಡುಕಲ್ಲಾಗಿಬಿಡುತ್ತದೆ. ಫೋರ್ ವ್ಹೀಲ್ ಹಾಕಿದ್ದೇನೆ ಅನ್ನೋ ಸೊಕ್ಕಿನಲ್ಲಿ ಆಕ್ಸಲರೇಟರ್ ಒತ್ತಿದೆ, ನಾಲ್ಕೂ ಗಾಲಿ ಸೇರಿ ನಾಲ್ಕು ಗುಂಡಿ ತೋಡಿದವು. ಎರಡು ಗಾಲಿಯ ಗಾಡಿಯಾಗಿದ್ದರೆ ಮೊದಲೇ ನಿಲ್ಲುತ್ತಿತ್ತು, ಫೋರ್ ವ್ಹೀಲಿನ ದೊಡ್ಡ ಗುಣ ಅಂದರೆ ಟ್ರ್ಯಾಕ್ಟರ್ ಬರಲಾರದ ಜಾಗದವರೆಗೆ ಒಯ್ದು ಸಿಕ್ಕಿಸುತ್ತದೆ :)

ಅಪ್ಪ ಧೋತರ ಎತ್ತಿ ಕಟ್ಟಿಕೊಂಡು ಇಳಿದರು. "ಹವಾ ಇಳಸು." ಟೈರಿನ ಗಾಳಿ 18ಕ್ಕೆ ಇಳಿಸಿದೆ. ಟೈರ್ ಚಪ್ಪಟೆಯಾಗಿ ನೆಲದ ಮೇಲೆ ಉದ್ದಕ್ಕೆ ಹರಡುತ್ತದೆ, ಭಾರ ಹಂಚಿಹೋಗುತ್ತದೆ. ಗಾಲಿ ಮುಂದಿನ ಮಣ್ಣು ಸಲಿಕೆಯಿಂದ ಇಳಿಜಾರಾಗಿ ಕಡಿದು, ಹಿಂದೆ ಬಿದ್ದಿದ್ದ ಗೋಣಿಚೀಲ ಹಾಸಿದರು. ಲೋ ಗೇರಿನಲ್ಲಿ, ಆಕ್ಸಲರೇಟರ್ ಮುಟ್ಟದೆ, ಬರೀ ಕ್ಲಚ್ ಬಿಟ್ಟು ನೋಡು ಅಂದರು. ಬಂತು. ಮೂರನೇ ಸಲಕ್ಕೆ ಬಂತು, ಖರೇ. ಅವರು ಜೀವನದಲ್ಲಿ ಫೋರ್ ವ್ಹೀಲ್ ಗಾಡಿ ಹೊಡೆದವರಲ್ಲ. ವಿಂಚ್ ಬದಲಿಗೆ ಈಗ ಒಂದು ಒಳ್ಳೆ ಹಗ್ಗ, ಎರಡು ಶಾಕಲ್, ಸಲಿಕೆ, ಟೈರಿಗೆ ಗಾಳಿ ತುಂಬುವ ಪಂಪು ಇವೆ. ಹಗ್ಗ ಎಳೆಯುವಾಗ ನಡುವೆ ಒದ್ದೆ ಗೋಣಿ ಹೊದಿಸಬೇಕಂತೆ, ಹರಿದರೆ ಹಾವಿನಂತೆ ಹಾರಿ ಬರದೆ ಕೆಳಗೆ ಬೀಳುತ್ತದೆ. ಇದನ್ನು ಯೂಟ್ಯೂಬಿನಲ್ಲೂ ನೋಡಿದ್ದೆ, ಅಲ್ಲಿ ಅದಕ್ಕೊಂದು ಬೇರೆ ಚೀಲ ಮಾರುತ್ತಾರೆ.

ಒಂದು ವಿಷಯ ಮಾತ್ರ ನಾನು ಅವರಿಗೆ ಹೇಳಿಕೊಟ್ಟೆ. ಥಾರಿನಲ್ಲಿ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಶಿಯಲ್ ಇಲ್ಲ, ಆದ್ದರಿಂದ ಒಣ ಡಾಂಬರಿನ ಮೇಲೆ ಫೋರ್ ವ್ಹೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದೂರ ಹೋಗಬೇಕು, ಹಿಂದಿನದು ಕಡಿಮೆ, ಎರಡೂ ಒಂದೇ ವೇಗದಲ್ಲಿ ತಿರುಗಿದರೆ ಶಾಫ್ಟು ಗೇರುಗಳೆಲ್ಲ ಹಿಂಡಿಕೊಳ್ಳುತ್ತವೆ. ಅಪ್ಪ ಎರಡು ಕೈಬೆರಳು ತಿರುಗಿಸಿ ನೋಡಿಕೊಂಡು "ಬರೋಬ್ಬರಿ" ಅಂದರು. ಅಷ್ಟಕ್ಕೇ ನನಗೆ ದಿನವೆಲ್ಲ ಖುಷಿ.

ಆ ಖುಷಿ ಇನ್ವರ್ಟರ್ ತೆಗೆದುಕೊಂಡು ಹೋಯಿತು. ಅಪ್ಪನಿಗೆ ದಾರಿಯಲ್ಲಿ ಚಹಾ ಬೇಕೇ ಬೇಕು, ಆದ್ದರಿಂದ 500 ವ್ಯಾಟಿನ ಸಣ್ಣ ಕೆಟಲು. ವೈರಿಂಗ್ ನಾನೇ ಮಾಡಿದೆ, ಮನೆಯಲ್ಲಿದ್ದ ತೆಳ್ಳನೆ ವೈರು, ಫ್ಯೂಸ್ ಆಮೇಲೆ ಹಾಕಿದರಾಯಿತು ಅಂತ. ಬಸವಕಲ್ಯಾಣದಲ್ಲಿ ಹಿಂಭಾಗದ ಹೊದಿಕೆ ಹೊಲಿಸಿಕೊಂಡು ರಾತ್ರಿ ಬರುತ್ತಿದ್ದೆವು. ಹುಮನಾಬಾದ ದಾಟಿದ ಮೇಲೆ ಕೆಟಲು ಹಾಕಿದೆ. ಒಂದು ನಿಮಿಷ ಆಗಿರಬೇಕು, ಕಣ್ಣು ಮುಚ್ಚಿ ಕೂತಿದ್ದ ಅಪ್ಪ "ಗಾಡಿ ನಿಲ್ಸು, ವೈರ್ ಸುಡ್ಲತಾದ" ಅಂದರು. ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ಇಳಿದು ನೋಡಿದರೆ ಸೀಟಿನ ಹಿಂದೆ ಪ್ಲಾಸ್ಟಿಕ್ ಕರಗಿ ತಗಡಿಗೆ ಅಂಟಿತ್ತು. ಲೆಕ್ಕ ಸರಳ, 500ನ್ನು 12ರಿಂದ ಭಾಗಿಸಿದರೆ 40ಕ್ಕಿಂತ ಹೆಚ್ಚು ಆಂಪಿಯರ್. ಮನೆಯಲ್ಲಿ 230 ವೋಲ್ಟಿನಲ್ಲಿ ಇದೇ ಕೆಟಲು ಎರಡು ಚಿಲ್ಲರೆ ಆಂಪಿಯರ್ ಎಳೆಯುತ್ತದೆ. ಬಿ.ಇ. ಮಾಡಿದ್ದೇನೆ, ಅದೂ ಎಲೆಕ್ಟ್ರಿಕಲ್!! ಅಪ್ಪ ಬೈಯಲಿಲ್ಲ, ಅದೇ ಕಷ್ಟ. ಬೀಡಿ ಬಿಟ್ಟ ಮನುಷ್ಯ, ರಸ್ತೆ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ಮರುದಿನ ಇನ್ವರ್ಟರ್ ಹೊರಗೆ. ಬ್ಯಾಟರಿಯಿಂದ ಹೊರಡುವ ಪ್ರತಿ ವೈರಿಗೂ, ಬ್ಯಾಟರಿಯ ಪಕ್ಕದಲ್ಲೇ, ಮೊದಲು ಫ್ಯೂಸ್. ನೀವು ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕಿದರೆ ಇದೊಂದನ್ನು ಮರೆಯಬೇಡಿ.

ಊಟದ ಚಿಂತೆ ನಮಗಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಹದಿನೈದು ದಿನ ಏನೂ ಆಗುವುದಿಲ್ಲ. ಸಣ್ಣ ಕುಕ್ಕರ್ ಮಾತ್ರ ಇರಲೇಬೇಕು. ಐದು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ನಮ್ಮ ತೊಗರಿಬೇಳೆ ಬೆಳತನಕ ಇಟ್ಟರೂ ಬೇಯುವುದು ಕಷ್ಟ. ಹಾಗೆ ನೋಡಿದರೆ ದೂರ ಪ್ರಯಾಣ ಈ ಸೀಮೆಗೆ ಹೊಸದಲ್ಲ. ಸುತ್ತಲ ತಾಂಡಾಗಳ ಲಂಬಾಣಿಗಳ ಹಿರಿಯರು ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೇರಿ ಮೊಗಲರ ದಂಡಿನ ಹಿಂದೆ ದಖ್ಖನ್ನಿಗೆ ಬಂದವರು. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಅಂತ ಒಬ್ಬ ರಷ್ಯಾದ ವ್ಯಾಪಾರಿ ತ್ವೇರ್‌ನಿಂದ ಹೊರಟು, ಮಾರಲಿಕ್ಕೆ ಒಂದೇ ಒಂದು ಕುದುರೆ ಹಡಗಿನಲ್ಲಿ ತಂದು, ಬೀದರಿನಲ್ಲಿ ಮಾರಿದ. ಇದನ್ನು ಹೇಳಿದರೆ ಅಪ್ಪ ಕೇಳಿದ್ದು: "ಕುದುರಿ ಮಾರಿ ಹೊಳ್ಳಿ ಹ್ಯಾಂಗ ಹೋದ?" ಪಾಪ, ಅವನು ಊರು ಮುಟ್ಟಲೇ ಇಲ್ಲ, ದಾರಿಯಲ್ಲೇ ತೀರಿಕೊಂಡ. ಅದನ್ನು ನಾನು ಹೇಳಲಿಲ್ಲ.

ಯಾಕೆಂದರೆ ಅದೇ ವಾರ ಕಲಬುರಗಿಯ ಹೃದಯದ ಡಾಕ್ಟರ ಹತ್ತಿರ ಹೋಗಿ ಬಂದಿದ್ದೆವು. ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿ, ಮನಾಲಿತನಕ ಆರಾಮಾಗಿ ಹೋಗಿ ಅಂದರು. ಅದು ಸುಮಾರು ಎರಡು ಸಾವಿರ ಮೀಟರ್. ಮೇಲೆ ಸರ್ಚುವಿನಲ್ಲಿ ಮಲಗುವುದು, ತಂಗ್ಲಂಗ್‌ಲಾ ದಾಟುವುದು (5,328 ಮೀಟರ್) ಇವರಿಗೆ ಬೇಡ ಅಂದರು. ಡೀಸೆಲ್ ಇಂಜಿನ್ನಿಗೆ ಟರ್ಬೋ ಇದೆ, ತೆಳು ಗಾಳಿಯನ್ನು ಒತ್ತಿ ತುಂಬಿಕೊಳ್ಳುತ್ತದೆ. ಮನುಷ್ಯನಿಗೆ ಅಂಥದ್ದೇನೂ ಇಲ್ಲ. ಬಸ್ಸಿನಲ್ಲಿ ಬರುವಾಗ ಅಪ್ಪ ಕಿಟಕಿ ನೋಡುತ್ತಾ, "ಸುರಂಗ ಆಗೇದಂತಲ್ಲ, ಅದ್ರ ಆಚೀ ಬಾಜೂ ನೋಡಿ ಹೊಳ್ಳಿ ಬರಮು" ಅಂದರು. ಅಟಲ್ ಸುರಂಗ, 2020ರ ಅಕ್ಟೋಬರಿನಲ್ಲಿ ತೆರೆದದ್ದು, 9.02 ಕಿಲೋಮೀಟರ್. ಆಚೆ ಲಾಹೌಲ್ ಕಣಿವೆ. ಮೂರು ಸಾವಿರ ಮೀಟರಿನ ಆಸುಪಾಸು, ಹೋಗಿ ಅದೇ ದಿನ ಕೆಳಗೆ ಬರಬಹುದು. ಡಾಕ್ಟರಿಗೆ ಫೋನ್ ಮಾಡಿದೆ. ಮನಾಲಿಯಲ್ಲಿ ಮೂರು ದಿನ ಕಳೆದು, ಉಸಿರು ಸರಿ ಇದ್ದರೆ, ಅಂದರು. ಲೇಹ್ ಪಟ್ಟಿಯಿಂದ ಹೋಯಿತು.

ಲೇಹ್ ಇಲ್ಲದಿದ್ದರೆ ಈ ಎಲ್ಲ ಸಾಮಾನು ಯಾಕೆ? ಟಾಂಡಿ ಬಂಕಿನ ಆ ಪ್ರಸಿದ್ಧ ಬೋರ್ಡಿಗೆ, ಮುಂದಿನ ಬಂಕು 365 ಕಿ.ಮೀ. ಅನ್ನುವುದಕ್ಕೆ ಹೆದರಿ ಕೊಂಡ ಎರಡು ಜೆರಿಕ್ಯಾನ್ ಖಾಲಿ ಕೂತಿವೆ. ಆದರೂ ಮನಸ್ಸು ಒಪ್ಪಲಿಲ್ಲ, ಫ್ರಿಡ್ಜು, ಎರಡನೇ ಬ್ಯಾಟರಿ, ನೀರಿನ ಟ್ಯಾಂಕು ಎಲ್ಲ ಹಾಗೇ ಇತ್ತು. ಕಳೆದ ಭಾನುವಾರ ಅಪ್ಪ ಗಾಡಿಯನ್ನು ವೇಬ್ರಿಡ್ಜಿಗೆ ಒಯ್ದು ನಿಲ್ಲಿಸು ಅಂದರು. ಎಲ್ಲ ತುಂಬಿ, ಟ್ಯಾಂಕ್ ಫುಲ್ ಮಾಡಿ, ಇಬ್ಬರೂ ಕೂತು. ಮೊದಲು ಮುಂದಿನ ಗಾಲಿ ಮಾತ್ರ ಕಾಟಾದ ಮೇಲೆ, ಆಮೇಲೆ ಪೂರ್ತಿ ಗಾಡಿ. ಕಳೆದರೆ ಹಿಂದಿನ ಆಕ್ಸಲ್ ಮೇಲೆ ಎಷ್ಟು ಅಂತ ಸಿಗುತ್ತದೆ. ಮುಂದಿನ ಭಾರ ಸರಿ ಇತ್ತು. ಹಿಂದೆ ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ.

"ನಾ ಇಳೀತೀನಿ, ಈಗ ನೋಡು."

ಇಳಿದರು. ಒಟ್ಟು ತೂಕ 60 ಕಿಲೋ ಇಳಿಯಿತು. ಸ್ಟೆಂಟ್ ಹಾಕಿಸುವ ಮೊದಲು ಅವರು 74 ಇದ್ದರು. ಕಾಟಾದ ಹುಡುಗ ಚೀಟಿ ಕೊಡಲಾ ಅಂತ ಕೇಳಿದ. ನಾನು ಆ ಕೆಂಪು ಅಂಕಿಗಳನ್ನೇ ನೋಡುತ್ತಾ ನಿಂತಿದ್ದೆ.

ಅಲ್ಲೇ ಹಿಂದಿನ ಬಾಗಿಲು ತೆರೆದೆ. ಫ್ರಿಡ್ಜು ಇಳಿಸಿದೆ. ಎರಡನೇ ಬ್ಯಾಟರಿ ಇಳಿಸಿದೆ. 40 ಲೀಟರಿನ ನೀರಿನ ಟ್ಯಾಂಕು ಖಾಲಿ ಮಾಡಿ ಇಳಿಸಿ, 20ರ ಕ್ಯಾನ್ ಒಂದನ್ನೇ ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಕಟ್ಟಿದೆ. ಅಪ್ಪ ಏನೂ ಹೇಳದೆ ನೋಡುತ್ತಿದ್ದರು. ಆಮೇಲೆ ಕಾಟಾದ ಹಿಂದೆ ಹೋಗಿ, ಯಾರದೋ ಬಿದ್ದಿದ್ದ ಬೇವಿನ ದಿಮ್ಮಿ ಒಂದನ್ನು ಎತ್ತಿಕೊಂಡು ಬಂದರು. ಜಾಕಿನ ಕೆಳಗೆ ಇಡಲಿಕ್ಕೆ, ಮೆತ್ತನೆ ನೆಲದಲ್ಲಿ ಜಾಕು ಹೂತುಹೋಗಬಾರದು ಅಂತ. ಮೂರು ಕಿಲೋ ಇರಬಹುದು. ಫ್ರಿಡ್ಜ್ ಇದ್ದ ಜಾಗದಲ್ಲಿ ಇಟ್ಟು, ಬೆಲ್ಟು ತಾವೇ ಬಿಗಿದು, ಎಡಗಡೆ ಸೀಟಿಗೆ ಬಂದು ಕೂತರು.

ಯುಗಾದಿ ಮುಗಿದು, ಬಿಸಿಲು ಪೂರ್ತಿ ಏರುವ ಮೊದಲು ಹೊರಡುತ್ತೇವೆ. ಬೀದರ, ನಾಂದೇಡ, ನಾಗಪುರ, ಅಲ್ಲಿಂದ 44ನೇ ನಂಬರ್ ಹೆದ್ದಾರಿ. ಹೋಗುವುದಕ್ಕೇ ಸುಮಾರು 2,200 ಕಿಲೋಮೀಟರ್. ಅಂಬಾಲಾದವರೆಗೆ ಮ್ಯಾಪ್ ಹಾಕುವ ಹಾಗಿಲ್ಲ ಅಂತ ಅಪ್ಪ ಈಗಲೇ ಹೇಳಿಬಿಟ್ಟಿದ್ದಾರೆ.