ನನ್ನ ಕೇಳ್, ತಮ್ಮಾ

ಬಾಗಲವಾಡದಲ್ಲಿ ಇನ್ನೂ ಬೆಳಕು ಹರಿದಿಲ್ಲ. ನೀವು ಎಡ ಮಗ್ಗುಲಾಗಿ ಮಲಗಿ ಎರಡು ತಾಸಾಯಿತು. ಈಗ ಹೊರಳಿಸದಿದ್ದರೆ ಸೊಂಟದ ಎಲುಬಿನ ಮೇಲೆ ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು. ಕತ್ತಿನಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದಾಗಿನಿಂದ ಭುಜ ಆಡುತ್ತದೆ, ಬೆರಳು ಆಡುವುದಿಲ್ಲ.

ಹುಡುಗ ಬಂದ. ಇದೇ ಓಣಿಯವನು, ಕೆಲಸಕ್ಕೆ ಹೊಸಬ. ನಿಮ್ಮನ್ನು ದಾಟಿ ಒಲೆಯ ಕಡೆ ಕೇಳುತ್ತಾನೆ: “ಅವ್ವಾರ, ಅಣ್ಣಗ ನೀರು ಎಷ್ಟು ಕಾಸ್ಲಿ?”

“ನನ್ನ ಕೇಳ್, ತಮ್ಮಾ.”

ಬಾಯಿ ತೆರೆದಿದ್ದ ಅವ್ವ ಸುಮ್ಮನಾಗುತ್ತಾಳೆ. ಅವಳಿಗೂ ಇದು ರೂಢಿಯಾಗಬೇಕು.

“ಮೊದ್ಲು ಭುಜದ ಮ್ಯಾಲ ಹಾಕ್. ಅಲ್ಲಿ ನನಗ ತಿಳೀತೈತಿ. ಕೆಳಗ ಸುಟ್ರೂ ಗೊತ್ತಾಗಂಗಿಲ್ಲ.”

ಹಾಕುತ್ತಾನೆ. ಬಿಸಿ ಹೆಚ್ಚು. ಇನ್ನೊಂದು ತಂಬಿಗೆ ತಣ್ಣೀರು ಬೆರೆಸಲು ಹೇಳುತ್ತೀರಿ. ಮೂತ್ರದ ಪೈಪು ತೊಡೆಯ ಕೆಳಗೆ ಮಡಚಿದೆಯೇ ಎಂದು ನೋಡಿಸುತ್ತೀರಿ. ಮೂತ್ರ ಚೀಲಕ್ಕೆ ಇಳಿಯದಿದ್ದರೆ ಬಿಪಿ ಏರಿ ತಲೆ ಸಿಡಿಯುತ್ತದೆ. ದಿನವೂ ಅದೇ ಮಾತು, ಸಿಟ್ಟಿಲ್ಲದೆ. ಸಿಟ್ಟು ಮಾಡಿದರೆ ನಾಳೆ ಅವನು ಬರಲಿಕ್ಕಿಲ್ಲ.

ಪೋಲಿಯೊದಿಂದ ಕತ್ತಿನ ಕೆಳಗೆ ಬಲ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ ಮತ್ತವರ ಗೆಳೆಯರು 1972ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅಂಗವಿಕಲರ ಸ್ವತಂತ್ರ ಬದುಕಿಗಾಗಿ ಕೇಂದ್ರ ಕಟ್ಟಿದ್ದರ ಹಿಂದೆಯೂ ಇದೇ ಹಟ: ಸಹಾಯಕನನ್ನು ಆರಿಸುವವರು, ಕಲಿಸುವವರು, ಬೇಡವೆಂದರೆ ಬಿಡಿಸುವವರು ನಾವೇ. ಅಲ್ಲಿ ಸಂಬಳಕ್ಕೆ ಸರ್ಕಾರದ ದುಡ್ಡಿತ್ತು. ಇಲ್ಲಿ ಶೇ 75ಕ್ಕಿಂತ ಹೆಚ್ಚಿನ ಅಂಗವೈಕಲ್ಯಕ್ಕೆ ತಿಂಗಳಿಗೆ 1,400 ರೂಪಾಯಿ ಮಾಸಾಶನ. 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿಯೇ 370 ಇತ್ತು, ಲೆಕ್ಕ ಹಾಕಿ. ಆರೈಕೆದಾರರ ಭತ್ಯೆಯ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ. ರಾಜ್ಯದ 2024-25ರ ಬಜೆಟ್ ಅದಕ್ಕೆ ತಿಂಗಳಿಗೆ 1,000 ಎಂದಾಗ ಹೆಸರಿಸಿದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್. ಬೆನ್ನುಹುರಿಯ ಪೆಟ್ಟು ಆ ಪಟ್ಟಿಯಲ್ಲಿಲ್ಲ.

ಅಂಗಿ ತೊಡಿಸುತ್ತ ಹುಡುಗ ಮೆಲ್ಲಗೆ ವಿಷಯಕ್ಕೆ ಬರುತ್ತಾನೆ. “ಕೆನಾಲಿಗೆ ನೀರ್ ಬಿಟ್ಟಾರಣ್ಣಾ. ನಾಟಿ ಸುರು ಆತು. ಗದ್ದ್ಯಾಗ ಕೂಲಿ ಜಾಸ್ತಿ.”

ಅಷ್ಟು ಕೂಲಿ ಕೊಡುವ ಶಕ್ತಿ ನಿಮಗಿಲ್ಲ. ಅವನಿಗೂ ಮನೆಯಿದೆ.

“ಹೋಗ್. ಮುಂಜಾನಿ ಐದಕ್ಕ ಬಾ, ರಾತ್ರಿ ಮಲಗಸಾಕ ಬಾ. ನಡುವ ಹೊರಳ್ಸಾಕ ನಿಮ್ಮ ತಮ್ಮನ್ನ ಕಳಸ್ತಿ? ಅವಂಗ ಬ್ಯಾರೆ ರೊಕ್ಕ.”

“ಅವಂಗ ಬರಂಗಿಲ್ಲಣ್ಣಾ, ಈ ಕೆಲಸ.”

“ನಿನಗೂ ಬರ್ತಿದ್ದಿಲ್ಲ. ಸಂಜೀಕ ಕರಕೊಂಡು ಬಾ, ನಾ ಕಲಸ್ತೀನಿ.”