ಗಾಡಿ ಬಾರದ ನಿಲ್ದಾಣಗಳು

ಊರಿಗೊಂದು ಕೆರೆ, ಒಂದು ಗುಡಿ, ವಾರಕ್ಕೊಂದು ಸಂತೆ ಇರುವಂತೆ ರೈಲಿನ ನಿಲ್ದಾಣವೂ ಒಂದಿರಬೇಕೆಂಬ ಆಶೆ ನಮ್ಮ ಭಾಗದ ಜನರಿಗೆ ಬಹು ಹಳೆಯದು. ಹಾನಗಲ್ಲಿನಲ್ಲಿ ತಾರಕೇಶ್ವರನ ಗುಡಿಯಿದೆ. ಶಿಗ್ಗಾಂವಿಯ ಸೀಮೆಯಲ್ಲಿ ಕನಕದಾಸರು ಹುಟ್ಟಿದ ಬಾಡವಿದೆ. ಸವಣೂರಿನಲ್ಲಿ ನವಾಬರ ಆಳಿಕೆಯ ನೆನಪೂ ದೊಡ್ಡಹುಣಸೆಯ ಮಹಾವೃಕ್ಷಗಳೂ ಇವೆ. ಹಿರೇಕೆರೂರಿನದು ಹತ್ತಿ ಬೆಳೆಯುವ ಕರಿಯ ನೆಲ. ಆದರೆ ಈ ನಾಲ್ಕು ಊರುಗಳಲ್ಲಿ ಯಾವುದರ ಪೇಟೆಯೊಳಗೂ ಹಳಿ ಬಂದಿಲ್ಲ. ಮಗನು ನೌಕರಿಗೆ ಹೊರಡಲಿ, ಮಗಳು ದೂರದ ಗಂಡನ ಮನೆಗೆ ಹೋಗಲಿ, ಮೊದಲು ಮೋಟಾರು ಹಿಡಿದು ಹಾವೇರಿಯನ್ನೋ ಹುಬ್ಬಳ್ಳಿಯನ್ನೋ ಸೇರಿಕೊಳ್ಳಬೇಕು.

ಇಂಥ ಸೀಮೆಯವರಾದ ನಾವು, ನಿಲ್ದಾಣವಿದ್ದೂ ಗಾಡಿಯನ್ನು ಕಳೆದುಕೊಂಡ ಊರುಗಳ ಕಥೆಯನ್ನು ಕೇಳಿದಾಗ ಮೊದಮೊದಲು ನಂಬಲಾರದೆ ಹೋದೆವು. ಉಪವಾಸವಿದ್ದವನಿಗೆ ಉಣ್ಣದೆ ಎದ್ದವನ ಸುದ್ದಿಯನ್ನು ಹೇಳಿದಂತಾಯಿತು. ಆದುದರಿಂದ ಬಿಡುವು ದೊರೆತಾಗಲೆಲ್ಲ ಅಂಥ ನಿಲ್ದಾಣಗಳನ್ನು ನೋಡಿ ಬರುವ ಅಭ್ಯಾಸವನ್ನಿಟ್ಟುಕೊಂಡೆವು. ನೋಡಿದುದನ್ನೂ, ಓದಿ ತಿಳಿದುದನ್ನೂ ವಾಚಕರ ಮುಂದಿಡುತ್ತೇವೆ.

ನಮ್ಮ ಕಡೆಗೆ ರೈಲು ಬಂದ ಬಗೆಯನ್ನು ಮೊದಲು ಹೇಳಬೇಕು. 1876ರಿಂದ 1878ರ ವರೆಗೆ ಈ ದೇಶವನ್ನು ಹಿಂಡಿದ ಮಹಾಬರದಲ್ಲಿ, ಧಾನ್ಯವಿದ್ದಲ್ಲಿಂದ ಹಸಿದವರಿದ್ದಲ್ಲಿಗೆ ಅದನ್ನು ಸಾಗಿಸುವ ದಾರಿಯಿಲ್ಲದೆ ಲಕ್ಷಾವಧಿ ಜನರು ಸತ್ತರು. ಆ ಪೆಟ್ಟಿನಿಂದ ಸರಕಾರದ ಕಣ್ಣು ತೆರೆಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಎಂಬ ಕಂಪನಿಯು ಹುಟ್ಟಿತು; ಮುಂದಿನ ಕೆಲವೇ ವರ್ಷಗಳಲ್ಲಿ ಅದರ ಹಳಿಗಳು ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಸಾಗಿದವು. ಯಲವಿಗಿ, ಕರಜಗಿ, ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಇವೆಲ್ಲ ಆ ದಾರಿಯ ಮೇಲಿನ ಊರುಗಳು. ಸವಣೂರ ತಾಲೂಕಿನ ಅಂಚನ್ನು ಸೋಂಕಿಕೊಂಡು ಹೋದ ಈ ಹಳಿಯು ಹಾನಗಲ್ಲು, ಹಿರೇಕೆರೂರುಗಳನ್ನು ಪಡುವಲಕ್ಕೆ ಬಿಟ್ಟು ನಡೆಯಿತು. ಬ್ಯಾಡಗಿಯ ಮೆಣಸಿನಕಾಯಿ ದೇಶದ ಮೂಲೆಮೂಲೆಗೆ ಹೋಗುವಂತಾದುದರಲ್ಲಿ ಈ ಹಳಿಯ ಪಾಲು ಸಣ್ಣದಲ್ಲ.

ಹಳಿಯೆಂದರೆ ಎಲ್ಲ ಕಡೆಗೂ ಒಂದೇ ಎಂದು ತಿಳಿಯಲಾಗದು. ಎರಡು ಕಂಬಿಗಳ ನಡುವಿನ ಅಂತರಕ್ಕೆ ಗೇಜು ಎನ್ನುವರು. ಮುಂಬಯಿ, ಮದ್ರಾಸುಗಳ ಹೆದ್ದಾರಿಗಳಿಗೆ ಐದೂವರೆ ಅಡಿಯ ಅಗಲವಾದ ಹಳಿ. ನಮ್ಮ ಹುಬ್ಬಳ್ಳಿ ಹರಿಹರದ ದಾರಿಗೆ ಒಂದು ಮೀಟರಿನ ನಡುತರದ ಹಳಿ. ಅದಕ್ಕೂ ಬಡವಾದ ಸೀಮೆಗಳಿಗೆ ಎರಡೂವರೆ ಅಡಿಯ ಕಿರಿದಾದ ಹಳಿ. ಹಳಿ ಕಿರಿದಾದಷ್ಟೂ ಖರ್ಚು ಕಡಿಮೆ. ಸಣ್ಣ ಗುಡ್ಡವನ್ನು ಬಳಸಿ ಹೋಗುವದೂ ಸುಲಭ. ಆದರೆ ಒಂದು ಅಳತೆಯ ಗಾಡಿ ಇನ್ನೊಂದು ಅಳತೆಯ ಹಳಿಯ ಮೇಲೆ ಓಡಲಾರದು. ಎರಡು ಅಳತೆಗಳು ಕೂಡುವ ಊರಲ್ಲಿ ಜನರೆಲ್ಲ ಇಳಿಯಬೇಕು, ಚೀಲಗಳನ್ನೆಲ್ಲ ಇಳಿಸಿ ಮತ್ತೆ ಹೇರಬೇಕು. ಈ ತೊಡಕನ್ನು ನೀಗಬೇಕೆಂದು ಭಾರತ ಸರಕಾರವು 1992ರಲ್ಲಿ ದೇಶಕ್ಕೆಲ್ಲ ಒಂದೇ ಅಳತೆಯ ಹಳಿಯೆಂಬ ಯೋಜನೆಯನ್ನು ಕೈಕೊಂಡಿತು. 1990ರ ದಶಕದಲ್ಲಿ ಹುಬ್ಬಳ್ಳಿ ಬೆಂಗಳೂರಿನ ದಾರಿಯೂ ಅಗಲವಾಯಿತು. ಕೆಲಸವೇನೋ ಒಳ್ಳೆಯದೆ. ಆದರೆ ಹಳಿ ಬದಲಿಸಲು ಗಾಡಿಯನ್ನು ನಿಲ್ಲಿಸಬೇಕು; ಸಣ್ಣ ದಾರಿಗಳಲ್ಲಿ ನಿಂತ ಗಾಡಿ ಮತ್ತೆ ಹೊರಡಲು ವರ್ಷಗಟ್ಟಲೆ ಹಿಡಿಯಿತು. ನಮ್ಮ ನಾಡಿನಲ್ಲಿ ನಿಲ್ದಾಣಗಳು ಪಾಳು ಬೀಳಲು ಇದೇ ಮುಖ್ಯ ಕಾರಣ.

ನಮಗೆ ಸಮೀಪದ ಉದಾಹರಣೆ ತಾಳಗುಪ್ಪ. ಹಿರೇಕೆರೂರಿನಿಂದ ಶಿರಾಳಕೊಪ್ಪ, ಸೊರಬಗಳ ಮೇಲೆ ಹಾಯ್ದು ಹೋದರೆ ಕರಿಯ ಹೊಲಗಳು ಮುಗಿದು ಭತ್ತದ ಗದ್ದೆಗಳೂ ಅಡಿಕೆಯ ತೋಟಗಳೂ ಎದುರಾಗುತ್ತವೆ. ಸಾಗರದ ಆಚೆಗೆ ಹಳಿ ಮುಗಿಯುವ ಊರೇ ತಾಳಗುಪ್ಪ. ಶಿವಮೊಗ್ಗದಿಂದ ಮೀಟರಿನ ಹಳಿಯು 1940ರಲ್ಲಿ ಇಲ್ಲಿಗೆ ಬಂದು ತಲುಪಿತು. ಜೋಗದ ಜಲಪಾತಕ್ಕೆ ಹೋಗುವವರು ಇಲ್ಲಿ ಇಳಿಯುತ್ತಿದ್ದರು. ಕೊನೆಕೊನೆಗೆ ದೊಡ್ಡ ಗಾಡಿ ಹೋಗಿ, ಮೋಟಾರಿನಂಥದೇ ಒಂದು ರೈಲುಬಸ್ಸು ಹಳಿಯ ಮೇಲೆ ತೆವಳುತ್ತಿತ್ತು. ಬಳಿಕ ಹಳಿ ಬದಲಿಸುವ ಸಲುವಾಗಿ ಅದೂ ನಿಂತಿತು. 2011ರಲ್ಲಿ ಅಗಲವಾದ ಹಳಿಯ ಮೇಲೆ ಗಾಡಿ ಮತ್ತೆ ತಾಳಗುಪ್ಪಕ್ಕೆ ಬಂತು. ಜೋಗವೆಂಬ ಆಕರ್ಷಣೆ ಹತ್ತಿರವಿದ್ದುದರಿಂದಲೂ, ಸಾಗರದ ಜನರು ಹಟ ಬಿಡದೆ ಕೇಳಿದ್ದರಿಂದಲೂ ಈ ನಿಲ್ದಾಣ ಬದುಕಿತು.

ಇನ್ನೊಂದು ನಿಲ್ದಾಣದ ಸ್ಥಿತಿ ಇದಕ್ಕಿಂತ ವಿಚಿತ್ರವಾದುದು. ಹಾಸನದಿಂದ ಮಂಗಳೂರಿಗೆ 1979ರಲ್ಲಿ ಪೂರ್ಣವಾದ ಮೀಟರಿನ ದಾರಿಯು ಸಕಲೇಶಪುರದ ಮುಂದೆ ಪಶ್ಚಿಮಘಟ್ಟವನ್ನು ಇಳಿಯುತ್ತದೆ. ಸುಬ್ರಹ್ಮಣ್ಯದ ವರೆಗಿನ ಸುಮಾರು 55 ಕಿಲೋಮೀಟರುಗಳಲ್ಲಿ 57 ಸುರಂಗಗಳು, 109 ಸೇತುವೆಗಳು! ಒಂದು ಸುರಂಗದ ಕತ್ತಲೆಯಿಂದ ಹೊರಬಿದ್ದು ಕಣ್ಣು ಬಿಡುವಷ್ಟರಲ್ಲಿ ಮುಂದಿನ ಸುರಂಗವು ಬಾಯಿ ತೆರೆದಿರುತ್ತದೆ. ಈ ಕಾಡಿನ ನಡುವೆ ಯಡಕುಮಾರಿ ಎಂಬ ನಿಲ್ದಾಣ. ಊರಿಗಾಗಿ ಕಟ್ಟಿದುದಲ್ಲ, ಘಟ್ಟವನ್ನೇರುವ ಗಾಡಿಗೂ ಇಳಿಯುವ ಗಾಡಿಗೂ ಎದುರುಬದುರು ಹಾಯಲು ಅನುಕೂಲವಾಗಲೆಂದು ಕಟ್ಟಿದುದು. 1996ರಲ್ಲಿ ಹಳಿ ಬದಲಿಸಲು ಗಾಡಿಗಳು ನಿಂತ ಮೇಲೆ ಹತ್ತು ವರ್ಷ ಅಲ್ಲಿ ಸಿಳ್ಳೆಯ ಸದ್ದಿರಲಿಲ್ಲ. ಸುರಂಗಗಳಲ್ಲಿ ಬಾವಲಿಗಳು ತೂಗಿದವು. ಹಳಿಗಳ ಮೇಲೆ ಹುಲ್ಲು ಬೆಳೆಯಿತು. ಸೇತುವೆಗಳನ್ನು ಕಾಲ್ನಡೆಯಿಂದ ದಾಟುವ ಹುಡುಗರ ತಂಡಗಳು ಮಾತ್ರ ಬಂದುಹೋದವು. 2006ರಲ್ಲಿ ಸಾಮಾನಿನ ಗಾಡಿಗಳೂ 2007ರ ಡಿಸೆಂಬರದಲ್ಲಿ ಪ್ರಯಾಣಿಕರ ಗಾಡಿಯೂ ಮರಳಿ ಬಂದವು. ಈಗ ಆ ಹಳಿಯ ಮೇಲೆ ನಡೆಯುವದಕ್ಕೆ ಅಪ್ಪಣೆಯಿಲ್ಲ. ಪ್ರಾಣಭಯದ ಹಾದಿಯಾದುದರಿಂದ ಹಾಗಿರುವದೇ ಒಳಿತು. ಘಟ್ಟವನ್ನು ನೋಡಬೇಕೆನ್ನುವ ಗೃಹಸ್ಥರು ಮಕ್ಕಳುಮರಿಗಳೊಡನೆ ಹಗಲಿನ ಗಾಡಿಯಲ್ಲಿ ಕಿಡಕಿಯ ಬದಿಗೆ ಕುಳಿತು ಹೋಗಿ ಬರಬಹುದು.

ಆದರೆ ನಮ್ಮ ಮನಸ್ಸಿನಲ್ಲಿ ಹೆಚ್ಚು ನಿಂತದ್ದು ಬೆಂಗಳೂರಿನ ಬಡಗಣ ದಿಕ್ಕಿನ ಪುಟ್ಟ ದಾರಿ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ ಕಾಲದಲ್ಲಿ, 1915ರಲ್ಲಿ, ಯಲಹಂಕ, ದೇವನಹಳ್ಳಿಗಳ ಮೇಲಿಂದ ಚಿಕ್ಕಬಳ್ಳಾಪುರಕ್ಕೆ ಎರಡೂವರೆ ಅಡಿಯ ಹಳಿಯನ್ನು ಹಾಕಿದರು. ಅದಕ್ಕೆ ಎರಡು ವರ್ಷ ಮೊದಲೇ ಬಂಗಾರಪೇಟೆಯಿಂದ ಕೋಲಾರಕ್ಕೆ ಇಂಥದೇ ಹಳಿ ಬಂದಿತ್ತು. ಕೋಲಾರ ಚಿಕ್ಕಬಳ್ಳಾಪುರಗಳ ನಡುವಿನ ಅಂತರವನ್ನು 1916ರಲ್ಲಿ ಕೂಡಿಸಿದರು. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಹೀಗೆ ಸಾಲಾಗಿ ನಿಲ್ದಾಣಗಳು. ಕಲ್ಲಿನ ಗೋಡೆ, ಮೇಲೆ ಹೆಂಚು, ಚೀಟಿ ಕೊಡುವ ಸಣ್ಣ ಕಿಂಡಿ: ನಮ್ಮ ಹಳ್ಳಿಯ ಒಳ್ಳೆಯ ಮನೆಗಿಂತ ದೊಡ್ಡವೇನೂ ಅಲ್ಲ. ಅದಕ್ಕೆಂದೇ ಅವುಗಳ ಮೇಲೆ ಅಕ್ಕರೆ ಹುಟ್ಟುತ್ತದೆ.

ದೇವನಹಳ್ಳಿ ಟಿಪ್ಪು ಹುಟ್ಟಿದ ಊರು. ನಂದಿಬೆಟ್ಟವು 1927ರಲ್ಲಿಯೂ 1936ರಲ್ಲಿಯೂ ಗಾಂಧೀಜಿಯವರು ಆರೋಗ್ಯಕ್ಕಾಗಿ ತಂಗಿದ ಸ್ಥಳ. ಸಮೀಪದ ಮುದ್ದೇನಹಳ್ಳಿ ವಿಶ್ವೇಶ್ವರಯ್ಯನವರ ಜನ್ಮಸ್ಥಾನ. ಇಷ್ಟೆಲ್ಲ ಇದ್ದರೂ ಆ ದಾರಿ ಸೊರಗಿತು. ಹೆದ್ದಾರಿಯು ಹಳಿಗೆ ಸಮೀಪದಲ್ಲಿಯೇ ಹೋಗುತ್ತದೆ. ಮೋಟಾರು ಮನೆಯ ಬಾಗಿಲ ಹತ್ತಿರ ಹತ್ತಿಸಿಕೊಂಡು ಪೇಟೆಯ ನಡುವೆ ಇಳಿಸುತ್ತಿರಲು, ಕಿರುಹಳಿಯ ಮೇಲೆ ನಿಧಾನವಾಗಿ ಸಾಗುವ ಬಂಡಿಗಾಗಿ ಯಾರು ಕಾಯುವರು? 1990ರ ದಶಕದಲ್ಲಿ ಯಲಹಂಕ ಚಿಕ್ಕಬಳ್ಳಾಪುರದ ಹಳಿ ಅಗಲವಾಯಿತು; ಚಿಕ್ಕಬಳ್ಳಾಪುರದಿಂದ ಕೋಲಾರದ ವರೆಗಿನ ಭಾಗ 2013ರಲ್ಲಿ ಅಗಲವಾದ ಹಳಿಯ ಮೇಲೆ ತೆರೆಯಿತು. ಹಳಿ ಅಗಲವಾದರೂ ಗಾಡಿಗಳು ಬೆರಳೆಣಿಕೆಯಷ್ಟೇ. ಹಳೆಯ ಕಟ್ಟಡಗಳಲ್ಲಿ ಕೆಲವು ಬಾಗಿಲು ಕಳೆದುಕೊಂಡವು, ಹೆಂಚು ಕಳೆದುಕೊಂಡವು. ಗೋಡೆಗಳ ಬಿರುಕಿನಲ್ಲಿ ಗಿಡ ಬೇರೂರಿತು.

2008ರಲ್ಲಿ ದೇವನಹಳ್ಳಿಯ ಬಳಿ ದೊಡ್ಡ ವಿಮಾನನಿಲ್ದಾಣವು ತೆರೆದ ಮೇಲೆ ಈ ದಾರಿಯ ಗ್ರಹಗತಿ ತಿರುಗಿತು. ಬೆಂಗಳೂರಿನ ಮೋಟಾರುಗಳ ಗೊಂದಲದಲ್ಲಿ ಸಿಕ್ಕಿ ವಿಮಾನ ತಪ್ಪಿಸಿಕೊಂಡವರಿಗೆ ಈ ಹಳಿಯ ನೆನಪಾಯಿತು. 2021ರ ಜನವರಿಯಲ್ಲಿ ವಿಮಾನನಿಲ್ದಾಣದ ಹೆಸರಿನದೇ ಒಂದು ಸಣ್ಣ ರೈಲುನಿಲ್ದಾಣ ಈ ಹಳಿಯ ಮೇಲೆ ತೆರೆಯಿತು. ಅದೇ ಸುಮಾರಿಗೆ ಪ್ರಾಚೀನ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಈ ಹಳೆಯ ನಿಲ್ದಾಣಗಳ ಜೀರ್ಣೋದ್ಧಾರವನ್ನು ಕೈಕೊಂಡರು. ನಂದಿಯ ನಿಲ್ದಾಣದ ಎದುರಿಗೆ ನಿಂತರೆ ಹಿಂದುಗಡೆ ಬೆಟ್ಟ, ಮುಂದುಗಡೆ ಹೊಸ ಹಳಿ, ನಡುವೆ ನೂರು ವರ್ಷ ದಾಟಿದ ಕಟ್ಟಡ. ನೋಡಿ ಸಂತೋಷವಾಯಿತು. ಆದರೂ ಒಂದು ಮಾತು ಹೇಳದಿರಲಾರೆವು: ಹೆಂಚು ಹೊಸತಾದ ಮಾತ್ರಕ್ಕೆ ನಿಲ್ದಾಣ ಬದುಕಿತೆನ್ನಲಾಗದು. ಚೀಟಿಯ ಕಿಂಡಿಯ ಮುಂದೆ ಗಂಟುಮೂಟೆಗಳೊಡನೆ ನಾಲ್ಕು ಜನರು ನಿಂತಾಗಲೇ ಅದಕ್ಕೆ ಜೀವ.

ನಮ್ಮ ನಾಡಿನವು ಬಡ ಹಳಿಗಳು, ಅದಕ್ಕೆ ಹೀಗಾಯಿತು, ಎಂದು ವಾಚಕರು ತಿಳಿದಾರು. ಆದರೆ ಜಗತ್ತಿನ ಸಿರಿವಂತ ನಗರಗಳಲ್ಲಿಯೂ, ಅದೂ ನೆಲದಡಿಯಲ್ಲಿ, ಇಂಥ ನಿಲ್ದಾಣಗಳಿವೆ. ಲಂಡನ್ನಿನಲ್ಲಿ ಬ್ರಿಟಿಷ್ ಮ್ಯೂಜಿಯಂ ಎಂಬ ನಿಲ್ದಾಣವು 1900ರಲ್ಲಿ ತೆರೆಯಿತು. ಹತ್ತಿರವೇ ಇದ್ದ ಹೊಬರ್ನ್ ನಿಲ್ದಾಣದಲ್ಲಿ ಆ ದಾರಿಯ ಗಾಡಿಗಳಿಗೂ ಕಟ್ಟೆ ಸಿದ್ಧವಾಗಲು, 1933ರಲ್ಲಿ ಇದನ್ನು ಮುಚ್ಚಿದರು. ಡೌನ್ ಸ್ಟ್ರೀಟ್ ಎಂಬ ನಿಲ್ದಾಣವು 1907ರಲ್ಲಿ ತೆರೆದು 1932ರಲ್ಲಿ ಮುಚ್ಚಿತು. ಅದಿದ್ದುದು ಧನಿಕರ ಕೇರಿಯಲ್ಲಿ; ಸ್ವಂತ ವಾಹನವುಳ್ಳವರು ನೆಲದಡಿಗೆ ಇಳಿಯುವರೇ? ಮುಂದೆ ಎರಡನೆಯ ಮಹಾಯುದ್ಧದಲ್ಲಿ ರೈಲ್ವೆಯ ಅಧಿಕಾರಿಗಳು ಬಾಂಬುಗಳಿಗೆ ಅಂಜದೆ ಅಲ್ಲಿ ಕಚೇರಿ ನಡೆಸಿದರು. 1940ರಲ್ಲಿ ಪ್ರಧಾನಿ ಚರ್ಚಿಲ್ಲರೂ ಕೆಲವು ರಾತ್ರಿ ಅಲ್ಲಿ ತಂಗಿದ್ದರು. ಆಲ್ಡ್‌ವಿಚ್ ಎಂಬ ಇನ್ನೊಂದು ನಿಲ್ದಾಣವು ಅದೇ ಯುದ್ಧದಲ್ಲಿ ಜನರಿಗೆ ಆಸರೆಯಾಯಿತು, ಮ್ಯೂಜಿಯಮ್ಮಿನ ಅಮೂಲ್ಯ ವಸ್ತುಗಳಿಗೆ ಉಗ್ರಾಣವಾಯಿತು. ಕೊನೆಗೆ, ಜನರನ್ನು ಇಳಿಸಿ ಏರಿಸುವ 1907ರ ಯಂತ್ರಗಳನ್ನು ಬದಲಿಸುವಷ್ಟು ಉತ್ಪನ್ನವಿಲ್ಲವೆಂದು 1994ರಲ್ಲಿ ಅದರ ಬಾಗಿಲು ಹಾಕಿದರು.

ನ್ಯೂಯಾರ್ಕಿನ ಕಥೆ ನಮ್ಮ ಗೇಜಿನ ಕಥೆಗೆ ಸಮೀಪದ್ದು. ಆ ನಗರದ ಮೊದಲನೆಯ ನೆಲದಡಿಯ ದಾರಿ 1904ರಲ್ಲಿ ಸಿಟಿ ಹಾಲ್ ನಿಲ್ದಾಣದಿಂದ ಹೊರಟಿತು. ಕಮಾನುಗಳು, ಬಣ್ಣದ ಹೆಂಚುಗಳು, ತೂಗುದೀಪಗಳು, ಅರಮನೆಯಂತೆ ಕಟ್ಟಿದ್ದರು. ಆದರೆ ಕಟ್ಟೆಯನ್ನು ಬಿಲ್ಲಿನಂತೆ ಬಾಗಿಸಿದ್ದರು. ಮುಂದೆ ಗಾಡಿಗಳು ಉದ್ದವಾಗಲು, ಬಾಗಿಲಿಗೂ ಕಟ್ಟೆಗೂ ನಡುವೆ ಅಪಾಯದ ಸಂದು ಬಿದ್ದಿತು. 1945ರ ಡಿಸೆಂಬರ 31ಕ್ಕೆ ಅದನ್ನು ಮುಚ್ಚಿದರು. ಅಂದ ಬಳಿಕ ಚೆಲುವೂ ನಿಲ್ದಾಣವನ್ನು ಕಾಯಲಿಲ್ಲ, ಸಂಪತ್ತೂ ಕಾಯಲಿಲ್ಲ.

ನಮ್ಮ ನಾಡಿನಲ್ಲಿಯೂ ಈಗ ನೆಲದಡಿಯ ನಿಲ್ದಾಣಗಳಿವೆ. ಬೆಂಗಳೂರಿನ ನಮ್ಮ ಮೆಟ್ರೋ 2011ರಲ್ಲಿ ಮೊದಲಾಗಿ, 2016ರಲ್ಲಿ ನೆಲದಡಿಗೆ ಇಳಿಯಿತು. ಅವು ಇನ್ನೂ ಎಳೆಯವು, ಜನರಿಂದ ಕಿಕ್ಕಿರಿದವು.

ನಮಗೆ ಹತ್ತಿರದ ಚಿಂತೆ ಬೇರೆಯದು. ಶಿವಮೊಗ್ಗ, ಶಿಕಾರಿಪುರಗಳ ಮೇಲಿಂದ ರಾಣೇಬೆನ್ನೂರಿಗೆ ಹೊಸ ರೈಲುದಾರಿಯ ಕೆಲಸವನ್ನು ಸರಕಾರವು ಕೈಕೊಂಡಿದೆ. ಅದು ಪೂರ್ಣವಾದರೆ ಹಿರೇಕೆರೂರ ಸೀಮೆಯವರಿಗೆ ಹಳಿಯು ಸಮೀಪವಾಗುವದು. ಹಳಿಗೆ ಹೊಲವನ್ನು ಬಿಟ್ಟುಕೊಡಬೇಕಾದವನು ರೈತನು. ಒಮ್ಮೆ ಬಿಟ್ಟ ಹೊಲ ಮತ್ತೆ ಬಾರದು. ಆ ತ್ಯಾಗಕ್ಕೆ ಬೆಲೆ ಬರಬೇಕಾದರೆ ನಿಲ್ದಾಣವನ್ನು ಎಲ್ಲಿ ಕಟ್ಟುವರೆಂಬದನ್ನು ನಾವು ಮೊದಲೇ ಕೇಳಬೇಕು. ಸಂತೆಗೆ ಹೋಗುವವನ ಹಾದಿಯಲ್ಲಿ ಅದು ಬರುತ್ತದೆಯೇ? ಅಲ್ಲಿಂದ ಊರಿಗೆ ಮೋಟಾರಿನ ಹಾದಿಯಿದೆಯೇ? ಮುಂಜಾನೆ ಹೋಗಿ ಸಂಜೆಗೆ ಮರಳುವ ವಿದ್ಯಾರ್ಥಿಗೆ ಹೊಂದುವ ಗಾಡಿ ಬರುವದೇ? ಮತ್ತು ಗಾಡಿ ಬಂದ ದಿನ ಹಾರ ಹಾಕಿ ಬರುವ ನಾವು, ಮರುದಿನದಿಂದ ಚೀಟಿ ಕೊಂಡು ಅದರಲ್ಲಿ ಕೂಡ್ರುವೆವೇ?

ಯಲಹಂಕದಿಂದ ಚಿಕ್ಕಬಳ್ಳಾಪುರದ ವರೆಗಿನ ಆ ಪುಟ್ಟ ಕಲ್ಲುಮನೆಗಳನ್ನು ನೋಡಿ ಬಂದ ಮೇಲೆ, ಈ ಪ್ರಶ್ನೆಗಳಿಗೆ ಉತ್ತರವು ಸರಕಾರದ ಕಾಗದಗಳಲ್ಲಿ ಅರ್ಧ, ನಮ್ಮ ಮನೆಗಳಲ್ಲಿ ಅರ್ಧವಿದೆಯೆಂದು ನಮಗೆ ತೋರುತ್ತದೆ.